ಬಾಲಕ್ಕೆ ಕಟ್ಟಿದ ‘ಇಲ್ಲ’

ನಮ್ಮ ಅತ್ತಿಗೆಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ಅವರ ಬಗ್ಗೆ ಮಾತಾಡುವವರೆಲ್ಲ, ಈಯಮ್ಮ ತೊಟ್ಟಿಲಲ್ಲೇ ಚೆಂಡು ಒದ್ದವರು ಎನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಶುದ್ಧ ಸುಳ್ಳು. ಮೊದಲ ಸಲ ಕ್ರೀಡಾಂಗಣಕ್ಕೆ ಬಂದು ಕೂತಾಗ ಅವರು ನನ್ನನ್ನು ಕೇಳಿದ ಪ್ರಶ್ನೆ ಇದು: “ಆ ಬಲೆ ಮುಂದೆ ನಿಂತಿರೋನು ಮಾತ್ರ ಯಾಕೆ ಬೇರೆ ಬಣ್ಣದ ಅಂಗಿ ಹಾಕಿದಾನೆ? ಅವನದ್ದು ಒಗೆಯೋಕೆ ಹಾಕಿದ್ರಾ?” ಗೋಲ್‌ಕೀಪರ್ ಅಂಗಿಯ ಬಣ್ಣ ಬೇರೆ ಇರಬೇಕೆಂಬುದು ಆಟದ ನಿಯಮ ಎಂದು ನಾನು ವಿವರಿಸಿದೆ. “ಬಣ್ಣ ಹಾಳಾಗಿ ಹೋಗ್ಲಿ, ಕಂಕುಳ ಹತ್ರ ಬಿಗಿ ಮಾಡಿದಾರೆ. ಕೈ ಎತ್ತಿದ್ರೆ ಹೊಲಿಗೆ ಕಿತ್ಕೊಳ್ಳತ್ತೆ,” ಎಂದರು. ಅವರ ಕಣ್ಣು ಹೋಗುವುದೇ ಅಲ್ಲಿಗೆ. ಅವರು ಬಟ್ಟೆ ಆಲ್ಟರೇಷನ್ ಮಾಡುವವರು.

ನಾನು ಕುರುಡ. ಇದನ್ನು ಹೇಳಲು ನಯವಾದ ಮಾತುಗಳು ಬೇಕಾದಷ್ಟಿವೆ, ನನಗೆ ಬೇಡ. ಅಷ್ಟು ಉದ್ದದ ಹೆಸರನ್ನು ಜನ ಹೇಳಿ ಮುಗಿಸುವಷ್ಟರಲ್ಲಿ ನಾನು ರಸ್ತೆ ದಾಟಿರುತ್ತೇನೆ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೇನೆ. ಇರುವುದು ಅಣ್ಣ-ಅತ್ತಿಗೆಯ ಮನೆಯಲ್ಲಿ. ಅಣ್ಣ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬಂದು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ಹೊರಡುತ್ತಾನೆ. ಹಾಗಾಗಿ ಮನೆಯಲ್ಲಿ ಜಗಳವಾಡಲು ನನಗೆ ಅತ್ತಿಗೆ, ಅತ್ತಿಗೆಗೆ ನಾನು. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕಟ್ಟಿದವರು ನಮ್ಮ ಅತ್ತಿಗೆಯನ್ನು ಕಂಡಿರಲಿಲ್ಲ. ಅವರಿಗೆ ಎರಡೂ ಬರುತ್ತವೆ.

ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನು ಪೂರ್ತಿ ಕಣ್ಣು ಕಳೆದುಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಶಾಲೆಯ ದಿನಗಳಲ್ಲೇ ದೃಷ್ಟಿ ಮಂಕಾಗತೊಡಗಿತ್ತು. ಮೊದಲು ಚೆಂಡು ಕಾಣದಾಯಿತು, ಆಮೇಲೆ ಗೋಲಿನ ಕಂಬ, ಆಮೇಲೆ ಆಡುವವರು. ಮನೆಗೆ ಬಂದವರೆಲ್ಲ ದನಿ ತಗ್ಗಿಸಿ “ಪಾಪ” ಎನ್ನುತ್ತಿದ್ದ ಕಾಲ. ಅತ್ತಿಗೆ ಬಂದವರೇ ನೇರವಾಗಿ ನನ್ನೆದುರು ನಿಂತು, “ನಿನಗೆ ಎಷ್ಟು ಕಾಣತ್ತೆ?” ಎಂದರು. ಏನೂ ಕಾಣುವುದಿಲ್ಲ ಎಂದೆ. “ಹಣೆ ಮೇಲೆ ಅದೇನು ಗಾಯ?” ಬಾಗಿಲು ಅರ್ಧ ತೆಗೆದಿತ್ತು, ಬಡಿದುಕೊಂಡೆ ಎಂದೆ. ಅಷ್ಟೇ ತಡ, ಹೊಸ ಮದುಮಗಳು ಮನೆಮಂದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು: “ಇನ್ನು ಮೇಲೆ ಈ ಮನೇಲಿ ಬಾಗಿಲು ತೆಗೆದ್ರೆ ಪೂರ್ತಿ ತೆಗೀಬೇಕು, ಮುಚ್ಚಿದ್ರೆ ಪೂರ್ತಿ ಮುಚ್ಚಬೇಕು. ಅರ್ಧಂಬರ್ಧ ಇಟ್ಟೋರ ಹಣೆಗೆ ನಾನೇ ಬಡೀತೀನಿ.” ನಮ್ಮ ಅಪ್ಪ ಆ ದಿನದಿಂದ ಸೊಸೆಗೆ ಹೆದರಿಕೊಂಡೇ ಬಾಗಿಲು ಹಾಕುತ್ತಿದ್ದರು.

ಆ ದನಿಯ ಕತೆಯನ್ನೂ ಹೇಳಬೇಕು. ಅತ್ತಿಗೆ ಮೊದಲು ದುಡಿದದ್ದು ದೊಡ್ಡ ಗಾರ್ಮೆಂಟ್ಸಿನಲ್ಲಿ. ಸಾಲು ಸಾಲು ಮಿಷನ್ನು ಒಟ್ಟಿಗೆ ಓಡುವಾಗ ಪಕ್ಕದವಳಿಗೆ “ಕತ್ತರಿ ಕೊಡು” ಎನ್ನಬೇಕಾದರೂ ಜೋರಾಗಿ, ಚುಟುಕಾಗಿ, ಒಂದೇ ಉಸಿರಿಗೆ ಹೇಳಬೇಕು. ಅಲ್ಲಿಯ ಸೂಪರ್‌ವೈಸರ್ ಒಬ್ಬನ ಜೊತೆ ಕಿತ್ತಾಡಿಕೊಂಡು ಹೊರಬಿದ್ದು ಸ್ವಂತ ಅಂಗಡಿ ಇಟ್ಟರು. ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಕೆಳಗೆ, ಚಪ್ಪಲಿ ರಿಪೇರಿಯವನಿಗೂ ಮೊಬೈಲ್ ಅಂಗಡಿಗೂ ನಡುವೆ ಇಕ್ಕಟ್ಟಾದ ಕೋಣೆ. ಇಸ್ತ್ರಿಯ ಬಿಸಿ ಆವಿ, ಮಿಷನ್ ಎಣ್ಣೆಯ ವಾಸನೆ, ಕಾಲಿಟ್ಟರೆ ದಾರದ ತುಂಡುಗಳು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಾಯಿಸುವುದು, ಹೊಟ್ಟೆ ಬಂದ ಗಂಡಸರ ಸೊಂಟದ ಹೊಲಿಗೆ ಬಿಚ್ಚಿ ಅಗಲ ಮಾಡುವುದು ಅವರ ಕೆಲಸ. ಅಂಗಡಿಯೊಳಗೆ ಮಿಷನ್ ಒಂದೇ ಇದ್ದರೂ ದನಿ ಮಾತ್ರ ಫ್ಯಾಕ್ಟರಿಯ ಅಳತೆಯಲ್ಲೇ ಉಳಿಯಿತು.

ಇನ್ನು ನನ್ನ ಹುಚ್ಚಿನ ವಿಷಯ. ಕಣ್ಣು ಹೋದರೂ ಫುಟ್‌ಬಾಲ್ ಹುಚ್ಚು ಹೋಗಲಿಲ್ಲ. ಮೊದಲು ನಮ್ಮ ರೇಡಿಯೋದಲ್ಲಿ ಪಂದ್ಯದ ವಿವರಣೆ ಬರುತ್ತಿತ್ತು, ಯಾರ ಕಾಲಲ್ಲಿ ಚೆಂಡಿದೆ, ಎಲ್ಲಿದೆ ಎಂದು ಹೇಳುತ್ತಿದ್ದರು. ಅದನ್ನು ನಿಲ್ಲಿಸಿದರು. ಟಿವಿಯೇ ಇದೆಯಲ್ಲ, ರೇಡಿಯೋ ಯಾರು ಕೇಳುತ್ತಾರೆ ಎಂಬ ವಾದ. ಟಿವಿಯಲ್ಲಿ ಮಾತಾಡುವ ಮಹಾನುಭಾವರು ಆಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾರೆ. ಆಟಗಾರನ ಅಜ್ಜಿ ಏನು ಹೇಳಿದ್ದಳು, ಕಳೆದ ವರ್ಷ ಯಾವ ಮಂಡಿಗೆ ಏಟು ಬಿದ್ದಿತ್ತು ಎಂಬ ಪುರಾಣದ ನಡುವೆ ತಟ್ಟನೆ “ಆಹಾ, ನೋಡಿ! ನೋಡಿ! ಎಂಥ ಅದ್ಭುತ!” ನೋಡ್ತಾನೇ ಇದೀನಪ್ಪ, ಮುಂದೆ ಹೇಳು ಎಂದು ನಾನು ಹಲ್ಲು ಕಡಿಯಬೇಕು.

ಮೊಬೈಲಿನಲ್ಲಿ ಒಂದು ವಿಶೇಷ ಆಡಿಯೋ ಬಂತು, ಕುರುಡರಿಗೆಂದೇ ಮಾಡಿದ್ದು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಇಂಟರ್ನೆಟ್ಟಿನಲ್ಲಿ ಸುತ್ತಿ ಬಳಸಿ ಬರುವಷ್ಟರಲ್ಲಿ ತಡವಾಗುತ್ತಿತ್ತು. ನನ್ನ ಕಿವಿಯಲ್ಲಿ ಚೆಂಡು ಇನ್ನೂ ಮಧ್ಯದಲ್ಲಿ ತೆವಳುತ್ತಿರುವಾಗ ಮೇಲಿನ ಮನೆಯವರು “ಗೋಲ್” ಎಂದು ಛಾವಣಿ ಬೀಳುವಂತೆ ಕುಣಿಯುತ್ತಿದ್ದರು. ಎದುರು ಮನೆಯಲ್ಲಿ ತಟ್ಟೆ ಬಡಿಯುತ್ತಿದ್ದರು. ಎಲ್ಲರ ಸಂಭ್ರಮ ಮುಗಿದು ಚಹಾಕ್ಕಿಟ್ಟ ಮೇಲೆ ನನಗೊಂದು ಗೋಲು. ಅದಕ್ಕೆ ನಾನಿಟ್ಟ ಹೆಸರು ಹಳಸಿದ ಗೋಲು.

“ಜೀವನದಲ್ಲಿ ಒಂದೇ ಒಂದು ತಾಜಾ ಗೋಲು ಬೇಕು ಅತ್ತಿಗೆ. ಎಲ್ರ ಜೊತೆ, ಅದೇ ಕ್ಷಣಕ್ಕೆ ಕಿರುಚಬೇಕು,” ಎಂದೆ ಒಂದು ದಿನ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮಿಷನ್ನಿಗೆ ಬಟ್ಟೆ ಮುಚ್ಚಿ, ಶಟರ್ ಎಳೆದು, ನನ್ನ ಕೈಯನ್ನು ತಮ್ಮ ಮೊಣಕೈಗೆ ಹಾಕಿಕೊಂಡು ಕ್ರೀಡಾಂಗಣಕ್ಕೆ ಹೊರಟೇಬಿಟ್ಟರು.

ಆ ಮೊದಲ ಪಂದ್ಯ ನೆನೆಸಿಕೊಂಡರೆ ಇಂದಿಗೂ ನಗು ಬರುತ್ತದೆ. “ಅಗೋ! ಅಗೋ ಹೋದ! ಅಯ್ಯೋ, ಇಗೋ ಬಂದ! ಹೀಗೆ ಒದ್ದ ನೋಡು, ಅಲ್ಲಿಗೇ ಹೋಯ್ತು!” ನಾನು ತಡೆಯುವಷ್ಟು ತಡೆದು ಸಿಡಿದೆ. “ಅಗೋ ಅಂದ್ರೆ ಎಲ್ಲಿ?” “ಅಲ್ಲಿ!” “ಅಲ್ಲಿ ಅಂದ್ರೆ?” “ಅಯ್ಯೋ ರಾಮ, ಇಷ್ಟು ಹತ್ರ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಬೆರಳು ಚಾಚಿ ತೋರಿಸುತ್ತಿದ್ದರಂತೆ. ನನ್ನ ತೋಳಿಗೆ ಒಂದು ಚಿವುಟು ಬಿತ್ತು, ತಪ್ಪು ಅವರದಾದರೂ ಚಿವುಟು ನನಗೆ. ಆಮೇಲೆ ಅವರು ಮೈದಾನವನ್ನು ಬಟ್ಟೆ ಮಾಡಿಕೊಂಡರು. ಪಕ್ಕದ ಗೆರೆ ಅಂಚು, ನಡುವಿನ ಗೆರೆ ಮಡಿಕೆ, ಮೂಲೆ ಮೂಲೆಯೇ. ಆಟಗಾರರಿಗೂ ಅವರದ್ದೇ ಹೆಸರುಗಳು: ಸಡಿಲ ಚಡ್ಡಿ, ಎತ್ತಿದ ಕಾಲರ್, ಕಾಲುಚೀಲ ಜಾರಿದವ. “ಸಡಿಲ ಚಡ್ಡಿ ಹತ್ರ ಚೆಂಡಿದೆ. ಎಡ ಅಂಚಲ್ಲಿ ಓಡ್ತಾ ಇದಾನೆ. ಮಡಿಕೆ ದಾಟ್ದ. ಕಾಲರ್‌ಗೆ ಕೊಟ್ಟ.” ನನ್ನ ತಲೆಯೊಳಗೆ ಮೈದಾನ ಹರಡಿಕೊಂಡಿತು.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮುಂದೆ ಬಾಗಿ, “ಅಕ್ಕಾ, ಸ್ವಲ್ಪ ಜೋರಾಗಿ ಹೇಳ್ತೀರಾ? ನಮ್ಮಿಬ್ಬರಿಗೂ ಕಣ್ಣಿಲ್ಲ,” ಎಂದರು. ಗಂಡ ಹೆಂಡತಿ ಇಬ್ಬರೂ ಕುರುಡರು, ಬರೀ ಗದ್ದಲ ಕೇಳಲೆಂದೇ ಬರುತ್ತಿದ್ದರಂತೆ. ನಮ್ಮ ಅತ್ತಿಗೆಗೆ ‘ಜೋರಾಗಿ ಹೇಳಿ’ ಎಂದು ಬೇಡಿಕೊಂಡವರು ಹುಟ್ಟಿನಿಂದ ಅವರೇ ಮೊದಲಿರಬೇಕು. ಅಲ್ಲಿಂದ ಪ್ರತಿ ಪಂದ್ಯಕ್ಕೂ ಅವರ ಸುತ್ತ ಒಬ್ಬೊಬ್ಬರೇ ಸೇರತೊಡಗಿದರು. ಕೊನೆಗೆ ಮೇಷ್ಟ್ರೂ ಬಂದರು. ಕುರುಡು ಮಕ್ಕಳ ಶಾಲೆಯಲ್ಲಿ ಪಿಟೀಲು ಕಲಿಸಿ ನಿವೃತ್ತರಾದವರು, ಅವರೂ ಕುರುಡರೇ. ನಮ್ಮಲ್ಲಿ ಹಲವರಿಗೆ ಪಾಠ ಹೇಳಿದವರು. ಬೆನ್ನು ನೆಟ್ಟಗೆ, ಮಾತು ಕಡಿಮೆ, ಮರ್ಯಾದೆಯ ವಿಷಯದಲ್ಲಿ ಬಹಳ ಬಿಗಿ. ಅವರು ಬಂದರೆಂದರೆ ಉಳಿದವರೂ ಬಂದಂತೆ.

ಕಣ್ಣಿದ್ದವರಿಗೆ ಇದು ಕಿರಿಕಿರಿಯಾಯಿತು. “ಏನ್ರೀ ಇದು, ಕಿವಿ ತೂತಾಗ್ತಿದೆ. ನಮಗೇನು ಕಣ್ಣಿಲ್ವಾ?” ಎಂದರು ಒಬ್ಬರು. “ನಿಮಗಿದೆ, ಭದ್ರವಾಗಿ ಇಟ್ಕೊಳ್ಳಿ. ಹೇಳ್ತಿರೋದು ನಿಮಗಲ್ಲ,” ಎಂದರು ಅತ್ತಿಗೆ. ಜಗಳ ಬಿಡಿಸಲು ಬಂದವನು ಕ್ರೀಡಾಂಗಣದ ಮೈಕಿನವನು. ಅವನೊಬ್ಬ ಸಿಡುಕ, ಆದರೆ ತಲೆ ಇರುವ ಸಿಡುಕ. ಯಾವುದೋ ಸಭೆಯಲ್ಲಿ ಭಾಷಣದ ಅನುವಾದ ಕೇಳಿಸಲು ತರಿಸಿದ್ದ ಪುಟ್ಟ ರಿಸೀವರುಗಳು, ಇಯರ್‌ಫೋನುಗಳು ಒಂದು ಡಬ್ಬದಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಒರೆಸಿ ನಮ್ಮ ಕಿವಿಗೆ ಕೊಟ್ಟ, ಅತ್ತಿಗೆಯನ್ನು ಮೇಲಿನ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿದ. ಇಂಟರ್ನೆಟ್ಟಿನ ಸುತ್ತು ಬಳಸು ಇಲ್ಲ, ಅವರ ಬಾಯಿಂದ ಹೊರಟದ್ದು ನೇರ ನಮ್ಮ ಕಿವಿಗೆ. ಕ್ರೀಡಾಂಗಣದ ಮ್ಯಾನೇಜರ್ ಒಳ್ಳೆಯ ಮನುಷ್ಯ. “ಈ ಸೀಸನ್ ನಡೀಲಿ, ನೋಡೋಣ,” ಎಂದು ಒಪ್ಪಿದರು.

ಆ ಸೀಸನ್ನಿನಲ್ಲಿ ನಾನು ಎಷ್ಟು ತಾಜಾ ಗೋಲು ತಿಂದೆನೋ ಲೆಕ್ಕವಿಟ್ಟಿಲ್ಲ. ಎಲ್ಲರೂ ಎದ್ದಾಗ ಎದ್ದೆ, ಎಲ್ಲರೂ ಅರಚಿದಾಗ ಅರಚಿದೆ. ಗಂಟಲು ಕಟ್ಟಿಸಿಕೊಂಡು ಮರುದಿನ ಆಸ್ಪತ್ರೆಯ ಫೋನಿನಲ್ಲಿ ಗೊರಗೊರ ಎಂದೆ. ಇಂಥ ಸುಖ ನನಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

ಆಮೇಲೆ ಆ ದರಿದ್ರ ಪಂದ್ಯ ಬಂತು. ಆಟ ಮುಗಿಯುವ ಹೊತ್ತು, ನಮ್ಮವರು ಒಂದು ಗೋಲು ಹಿಂದಿದ್ದರು. ಅತ್ತಿಗೆಯ ದನಿ ಏರುತ್ತಾ ಹೋಯಿತು. “ಕಾಲರ್ ತಗೊಂಡ, ಒಬ್ಬನ್ನ ದಾಟ್ದ, ಬಲೆ ಮುಂದೆ ಬಂದ, ಒದ್ದ, ಗೋ... ಲಾ...” ಅಷ್ಟರಲ್ಲಿ ಇಡೀ ಕ್ರೀಡಾಂಗಣ ಭೋರ್ಗರೆಯಿತು. ನಾವು ಎದ್ದೆವು. ಕುಣಿದೆವು, ಒಬ್ಬರನ್ನೊಬ್ಬರು ಅಪ್ಪಿಕೊಂಡೆವು. ಯಾವತ್ತೂ ಯಾರ ಮೈಗೂ ಕೈ ತಾಗಿಸದ ಮೇಷ್ಟ್ರು ಕೂಡ ಪಕ್ಕದಲ್ಲಿದ್ದ ಯಾರನ್ನೋ ಗಟ್ಟಿಯಾಗಿ ತಬ್ಬಿಕೊಂಡರು. ಸುತ್ತಲಿನ ಗದ್ದಲ ಇಳಿದರೂ ನಾವಿನ್ನೂ ಚಪ್ಪಾಳೆ ತಟ್ಟುತ್ತಿದ್ದೆವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು “ಶ್!” ಎಂದರು. ಆ “ಶ್” ಆ ನಗುವಿಗಿಂತ ಕೆಟ್ಟದಾಗಿತ್ತು.

ಗೋಲು ಆಗಿರಲಿಲ್ಲ. ಚೆಂಡು ಕಂಬಕ್ಕೆ ಬಡಿದು ಹೊರಹೋಗಿತ್ತು. ನಾವು ಕೇಳಿದ್ದು ಜನರ ಹರ್ಷೋದ್ಗಾರವಲ್ಲ, ಅಯ್ಯೋ ಎಂಬ ಕೂಗು.

ಪಂದ್ಯ ಮುಗಿದು ನಾವು ಮೇಲೆ ಹತ್ತಿ ಹೋದಾಗ ಗಾಜಿನ ಕೋಣೆಯಲ್ಲಿ ದೊಡ್ಡ ರಂಪವಾಯಿತು. “ನಾನು ಗೋಲಾಗ್ಲಿಲ್ಲ ಅಂತಲೇ ಹೇಳಿದ್ದು! ದೇವ್ರಾಣೆ!” ಎಂದು ಅತ್ತಿಗೆ. “ಗೋಲು ಅಂದ್ರಿ,” ಎಂದು ನಾವು. ಮೈಕಿನವನು ರೆಕಾರ್ಡಿಂಗ್ ಹಾಕಿದ. ‘ಗೋ... ಲಾ...’ ಎಂದು ಅವರ ದನಿ, ಅದರ ಮೇಲೆ ಕುಸಿದು ಬಿದ್ದ ಜನರ ಗದ್ದಲ, ಅದರಡಿ ಎಲ್ಲೋ ಹೂತುಹೋದ ‘ಗ್ಲಿಲ್ಲ’. ಇನ್ನೊಮ್ಮೆ ಹಾಕು ಎಂದರು ಅತ್ತಿಗೆ. ಇನ್ನೊಮ್ಮೆ ಕೇಳಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತ ಸದ್ದು ನನಗೆ ಕೇಳಿಸಿತು.

“ಎಂಥ ಭಾಷೆ ಕಣೋ ನಮ್ಮದು!” ಎಂದರು. “ಗೋಲಾಯ್ತು ಅನ್ನೋಕೂ ಗೋಲಾ, ಗೋಲಾಗ್ಲಿಲ್ಲ ಅನ್ನೋಕೂ ಗೋಲಾ. ಇಲ್ಲ ಅನ್ನೋದನ್ನ ತಗೊಂಡು ಹೋಗಿ ಬಾಲಕ್ಕೆ ಕಟ್ಟಿದಾರಲ್ಲ! ಬಾಲ ತುಂಡಾದ್ರೆ ಇಲ್ಲ ಅನ್ನೋದು ಹೌದಾಗಿಬಿಡತ್ತೆ.”

ಆಡಿದ ಮಾತು, ಒಡೆದ ಮುತ್ತು. ಎರಡನ್ನೂ ತಿರುಗಿ ಕೂಡಿಸಲಾಗುವುದಿಲ್ಲ. ಮ್ಯಾನೇಜರ್ ನಮ್ಮನ್ನು ಕರೆಸಿ, ಮೆತ್ತಗಿನ ದನಿಯಲ್ಲಿ, ಇದನ್ನು ಇಲ್ಲಿಗೆ ನಿಲ್ಲಿಸೋಣ ಎಂದರು. “ಯಾರ ಮೇಲೂ ತಪ್ಪು ಹೊರಿಸ್ತಿಲ್ಲಮ್ಮ. ಆದ್ರೆ ಪಾಪ, ಅಷ್ಟು ಜನರ ಮುಂದೆ ಅವರು ನಗೆಪಾಟಲಾಗಬಾರದಲ್ಲ.” ಆ ‘ಪಾಪ’ ಕಿವಿಗೆ ಬಿದ್ದದ್ದೇ ಅತ್ತಿಗೆಯ ಕೋಪ ನೆತ್ತಿಗೇರಿತು. “ಪಾಪ ಗೀಪ ಎಲ್ಲ ನಿಮ್ಮ ಮನೇಲಿಟ್ಕೊಳ್ಳಿ ಸಾರ್! ಕಣ್ಣಿರೋರು ತಪ್ಪು ಗೋಲಿಗೆ ಕುಣಿಯಲ್ವಾ? ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀತೀವಿ, ಬಟ್ಟೇನೇ ಸುಟ್ಟುಹಾಕ್ತೀವಾ?” ಮ್ಯಾನೇಜರ್ ಕೆಮ್ಮಿ, ಉಳಿದಿರುವ ಕೊನೆಯ ಪಂದ್ಯಕ್ಕೆ ಮಾತ್ರ ಒಪ್ಪಿದರು, ಕೇಳುವವರು ಬಂದರೆ.

ಕೇಳುವವರು ಬಂದರೆ! ಅಲ್ಲೇ ಇದ್ದದ್ದು ತೊಡಕು. ಮೇಷ್ಟ್ರು ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದುಬಿಟ್ಟಿದ್ದರು. ಅವರು ಬರದಿದ್ದರೆ ಉಳಿದವರೂ ಇಲ್ಲ. ಉಳಿದವರು ಬರದಿದ್ದರೆ ಇಯರ್‌ಫೋನುಗಳು ಮತ್ತೆ ಧೂಳಿಗೆ, ನಾನು ಮತ್ತೆ ಹಳಸಿದ ಗೋಲಿಗೆ. ನನಗೆ ಎದೆಯಲ್ಲಿ ಕಲ್ಲಿಟ್ಟಂತಾಗಿತ್ತು, ಸುಮ್ಮನೆ ಯಾಕೆ ಬಡಾಯಿ.

ಅತ್ತಿಗೆ ಮಾತ್ರ ತಮ್ಮ ನಾಲಿಗೆಯನ್ನೇ ಬಿಚ್ಚಿ ಹೊಲಿಯಲು ಕೂತರು. ‘ಇಲ್ಲ’ ಮೊದಲು ಬರಬೇಕು, ಕ್ರಿಯೆ ಮೊದಲು ಬರಬೇಕು, ಉಳಿದದ್ದು ಆಮೇಲೆ. ಜೀವಮಾನವಿಡೀ ಬಾಲದಲ್ಲಿ ಹೇಳಿದ್ದನ್ನು ತಲೆಗೆ ತರುವುದು ಸುಲಭವೇ? ಮನೆಯೆಲ್ಲ ಗರಡಿಯಾಯಿತು. “ಬಿತ್ತು! ಸೂಜಿ.” “ಉಕ್ಕಿತು! ಹಾಲು.” “ಇಲ್ಲ! ನೀರು ಬಂದಿಲ್ಲ.” ವಾರದ ಮೇಲೆ ಮನೆಗೆ ಬಂದ ಅಣ್ಣ ಬಾಗಿಲಲ್ಲೇ “ಊಟ ಆಯ್ತಾ?” ಎಂದ. “ಇಲ್ಲ!” ಎಂದು ಒಳಗಿನಿಂದ ಅಬ್ಬರ ಬಂತು. ಬಡಪಾಯಿ, ಒಂದು ಕಾಲು ಹೊರಗಿಟ್ಟುಕೊಂಡೇ, “ಏನೋ ಇದು? ನಾನೇನು ಮಾಡ್ದೆ?” ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದ. ಅಂಗಡಿಯಲ್ಲೂ ಇದೇ ಪಾಡು. “ಇಲ್ಲ!” ಎಂದು ಗಿರಾಕಿಯ ಮುಖಕ್ಕೆ ಹೊಡೆದ ಹಾಗೆ ಹೇಳಿ, ಅವನು ಹೆದರಿ ಹಿಂದೆ ಸರಿದ ಮೇಲೆ, “ನಿಮ್ಮ ಜಿಪ್ಪು ಇನ್ನೂ ಹಾಕಿಲ್ಲ, ಸಂಜೆ ಬನ್ನಿ,” ಎನ್ನುತ್ತಿದ್ದರು. ಚಪ್ಪಲಿ ರಿಪೇರಿಯವನು ಅಕ್ಕನಿಗೆ ಪಿತ್ತ ನೆತ್ತಿಗೇರಿದೆ ಎಂದು ನನ್ನನ್ನು ಎಚ್ಚರಿಸಿದ. ನಾನು ಸಂಜೆ ಹೊತ್ತು ಹಳೆಯ ಪಂದ್ಯಗಳನ್ನು ಮೊಬೈಲಿನಲ್ಲಿ ಹಾಕುತ್ತಿದ್ದೆ. ಅವರು ಅದರ ಸದ್ದು ಬಂದ್ ಮಾಡಿ, ಪರದೆ ನೋಡಿ ಹೇಳುತ್ತಿದ್ದರು, ಅವರ ಮಾತು ತಪ್ಪಿದಲ್ಲೆಲ್ಲ ನಾನು ಮೇಜು ಕುಟ್ಟುತ್ತಿದ್ದೆ. ಅವರು ಒಂದು ಸಲವೂ ಸಾಕು ಎನ್ನಲಿಲ್ಲ. ನಾನಾಗಿದ್ದರೆ ಮೇಜನ್ನೇ ತಲೆಯ ಮೇಲೆ ಹಾಕುತ್ತಿದ್ದೆ.

ಇನ್ನೊಂದು ನಿಯಮವನ್ನೂ ತಾವೇ ಮಾಡಿಕೊಂಡರು. ಚೆಂಡು ಬಲೆಗೆ ಹೋದರೂ ಕೂಡಲೇ ಬಾಯಿ ಬಿಡುವುದಿಲ್ಲ, ಅಂಚಿನಲ್ಲಿ ನಿಂತಿರುವ ಅಂಪೈರಿನ ಬಾವುಟ ನೋಡಿಯೇ ಮಾತು. ಆ ಬಾವುಟ ಮೇಲೆದ್ದರೆ ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ಅಂಪೈರ್ ಅಲ್ಲ ಅತ್ತಿಗೆ, ಲೈನ್ಸ್‌ಮನ್ ಎಂದು ತಿದ್ದಿದೆ. “ಬಾವುಟದವನು,” ಎಂದರು ಅವರು. ಅದೇ ಉಳಿಯಿತು.

ಪಂದ್ಯಕ್ಕೆ ಮುಂಚೆ ಮೇಷ್ಟ್ರ ಮನೆಗೆ ಹೋದೆವು. ಪುಟ್ಟ ಕೋಣೆ. ಕಿಟಕಿ ತೆರೆದಿತ್ತು, ಕೆಳಗೆ ಬಸ್ಸುಗಳು ಓಡುತ್ತಿದ್ದವು. ಅವರು ಪಿಟೀಲಿಗೆ ತಂತಿ ಹಾಕುತ್ತಿದ್ದರು, ಬಿರಡೆ ತಿರುಗಿಸುವ ಕಿರಕಿರ ಸದ್ದು ನಾವು ಕೂತ ಮೇಲೂ ನಿಲ್ಲಲಿಲ್ಲ.

“ನಾನು ಯಾರೋ ಗುರುತಿಲ್ಲದವರನ್ನ ತಬ್ಬಿಕೊಂಡೆನಮ್ಮಾ,” ಎಂದರು ಬಿರಡೆ ತಿರುಗಿಸುತ್ತಲೇ. “ಅವರು ನಿಧಾನಕ್ಕೆ ನನ್ನ ಕೈ ಬಿಡಿಸಿ, ಬೆನ್ನು ತಟ್ಟಿ ಕೂರಿಸಿದ್ರು. ಮಗೂನ ಕೂರಿಸೋ ಹಾಗೆ. ಬೈದಿದ್ರೆ ಪರವಾಗಿರಲಿಲ್ಲ.”

ಅತ್ತಿಗೆ ಭಾಷೆಯ ಬಾಲದ ಕತೆ ತೆಗೆಯುತ್ತಾರೆ ಎಂದುಕೊಂಡೆ. ತೆಗೆಯಲಿಲ್ಲ. “ಹೌದು ಮೇಷ್ಟ್ರೇ. ನನ್ನಿಂದ ಆಯ್ತು. ಇನ್ನು ಮೇಲೆ ಇಲ್ಲ ಅನ್ನೋದನ್ನ ಮೊದಲೇ ಹೇಳ್ತೀನಿ. ಅದಕ್ಕೇ ಬಂದೆ,” ಎಂದರು.

“ಬಾಯಿ ಮಾತನ್ನ ಹೇಗೆ ನಂಬಲಿ?”

“ನನ್ನ ಹತ್ರ ಇರೋದು ಬಾಯಿ ಒಂದೇ. ಅದನ್ನೇ ತಂದಿದೀನಿ.”

ಮೇಷ್ಟ್ರು ತಂತಿಯನ್ನು ಒಮ್ಮೆ ಮೀಟಿ, ಶ್ರುತಿ ಸರಿಯಿಲ್ಲವೆಂದು ಮತ್ತೆ ತಿರುಗಿಸಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಮೆಟ್ಟಿಲಿಳಿಯುವಾಗ ಅತ್ತಿಗೆ ಮೂಗು ಸೀಟಿಕೊಂಡರು. ನೆಗಡಿಯೇ ಎಂದು ಕೇಳಿದೆ. ಮುಚ್ಚು ಬಾಯಿ ಎಂದರು.

ಪಂದ್ಯದ ದಿನ ಮೇಷ್ಟ್ರು ಬಂದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಮೇಷ್ಟ್ರು ನನ್ನ ಪಕ್ಕದಲ್ಲೇ ಕೂತರು, ಆದರೆ ಇಯರ್‌ಫೋನನ್ನು ಕೈಯಲ್ಲಿಟ್ಟುಕೊಂಡರೇ ವಿನಾ ಕಿವಿಗೆ ಹಾಕಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಆಟ ಶುರುವಾಯಿತು. ಅತ್ತಿಗೆಯ ದನಿ ಈ ಸಲ ಬೇರೆಯೇ ಇತ್ತು. “ಕಸಿದ, ಸಡಿಲ ಚಡ್ಡಿ. ಕೊಟ್ಟ, ಬಲ ಅಂಚಿಗೆ. ಇಲ್ಲ, ಸಿಗ್ಲಿಲ್ಲ ಕಾಲರ್‌ಗೆ. ಹೊರಗೆ, ಚೆಂಡು ಹೊರಗೆ.” ಮಾತಿನ ತಲೆ ಕಾಲು ಅದಲು ಬದಲಾಗಿತ್ತು. ಆದರೆ ಚೆಂಡು ಹೋಗುವುದಕ್ಕೂ ನನಗೆ ಗೊತ್ತಾಗುವುದಕ್ಕೂ ನಡುವೆ ಒಂದು ಎಳೆಯಷ್ಟೂ ಅಂತರವಿರಲಿಲ್ಲ. ನಾನು ಖುಷಿಗೆ ತೊಡೆ ತಟ್ಟಿಕೊಂಡೆ. “ಏನಂತೆ?” ಎಂದರು ಮೇಷ್ಟ್ರು. ಕೇಳಿಸಿಕೊಳ್ಳಿ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯ ಸರಸರ ಕೇಳಿಸಿತು. ಇಯರ್‌ಫೋನ್ ಕಿವಿಗೇರಿತ್ತು.

ಎರಡೂ ಕಡೆಯವರಿಗೆ ಗೋಲಿಲ್ಲದೆ ಆಟ ಕೊನೆಯ ಹಂತಕ್ಕೆ ಬಂತು. ಇನ್ನೇನು ಸೀಟಿ ಊದಬೇಕು. “ಓಡ್ದ, ಕಾಲುಚೀಲ. ಎಡ ಅಂಚು. ದಾಟ್ದ. ಒಳಗೆ ಹಾಕ್ದ. ಬಂದ ಕಾಲರ್, ಒದ್ದ...”

ಕ್ರೀಡಾಂಗಣ ಸಿಡಿಯಿತು. ಕಾಲಡಿಯ ಸಿಮೆಂಟು ನಡುಗಿತು. ಸುತ್ತ ಎಲ್ಲರೂ ಕುರ್ಚಿ ದಡಬಡಿಸಿ ಎದ್ದರು. “ಗೋಲ್! ಗೋಲ್!” ಎಂಬ ಕೂಗು ನಾಲ್ಕೂ ದಿಕ್ಕಿನಿಂದ ಬಂತು. ಈ ಸಲ ಇದು ಅಯ್ಯೋ ಅಲ್ಲ, ಸಂಶಯವೇ ಇಲ್ಲ, ಸಾವಿರಾರು ಜನರ ಕಂಠಪೂರ್ತಿ ಸಂತೋಷ. ನನ್ನ ಮೈ ತಾನಾಗಿ ಅರ್ಧ ಎದ್ದಿತ್ತು.

“ಇಲ್ಲ!” ಎಂದಿತು ಕಿವಿಯಲ್ಲಿ ಆ ದನಿ. “ಇಲ್ಲ! ಇಲ್ಲ! ಎದ್ದಿದೆ, ಬಾವುಟ ಎದ್ದಿದೆ. ಕೂತ್ಕೊಳ್ಳಿ!”

ನಾನು ಕೂತೆ. ಒಂದು ಕಡೆ ಇಡೀ ಊರು ಹೌದು ಎನ್ನುತ್ತಿದೆ, ಇನ್ನೊಂದು ಕಡೆ ಒಬ್ಬ ಹೆಂಗಸು ಇಲ್ಲ ಎನ್ನುತ್ತಿದ್ದಾರೆ, ಅದೂ ಹಿಂದೊಮ್ಮೆ ನಮ್ಮನ್ನು ಕುಣಿಸಿ ಕೆಡವಿದ ಹೆಂಗಸು. ಪಕ್ಕದ ಸಾಲಿನಿಂದ ಯಾರೋ ಬಂದು ಮೇಷ್ಟ್ರ ತೋಳು ಹಿಡಿದು, “ಗೋಲಾಯ್ತು ಸಾರ್! ಗೆದ್ವಿ! ಎದ್ದೇಳಿ, ಎದ್ದೇಳಿ!” ಎಂದು ಪ್ರೀತಿಯಿಂದಲೇ ಎಳೆದರು. ಮೇಷ್ಟ್ರ ಕುರ್ಚಿ ಕಿರುಗುಟ್ಟಿತು.

“ಇಲ್ಲಪ್ಪ,” ಎಂದರು ಮೇಷ್ಟ್ರು. “ಆಗಿಲ್ಲ. ಕೈ ಬಿಡು.”

ಮೊದಲು ಎದುರಿನ ಕಡೆ ಗದ್ದಲ ತಗ್ಗಿತು. ಆಮೇಲೆ ನಮ್ಮ ಎಡಕ್ಕೆ. ಆಮೇಲೆ ನಮ್ಮ ಸುತ್ತ. “ಏ, ಆಫ್‌ಸೈಡಂತೆ...” ಎಂದು ಯಾರೋ ಎಂದರು. ಜನ ಗೊಣಗುತ್ತಾ ಕೂರತೊಡಗಿದರು. ಪಂದ್ಯ ಗೋಲಿಲ್ಲದೆಯೇ ಮುಗಿಯಿತು.

ಗಾಜಿನ ಕೋಣೆಯಲ್ಲಿ ನಡೆದದ್ದನ್ನು ಮೈಕಿನವನು ಇಳಿದು ಬಂದು ಹೇಳಿದ. ಮ್ಯಾನೇಜರ್ ಅತ್ತಿಗೆಯ ಹಿಂದೆಯೇ ನಿಂತಿದ್ದರಂತೆ. ಚೆಂಡು ಬಲೆಗೆ ಬಿದ್ದದ್ದೇ ಕುಪ್ಪಳಿಸಿ, “ಗೋಲ್! ಹೇಳಮ್ಮಾ, ಗೋಲ್ ಅಂತ ಹೇಳು!” ಎಂದು ಅರಚಿದರಂತೆ. ಅತ್ತಿಗೆ ಒಂದು ಕೈಯಲ್ಲಿ ಮೈಕನ್ನು ಹಿಡಿದು ಇನ್ನೊಂದು ಮೊಣಕೈಯಲ್ಲಿ ಅವರ ಹೊಟ್ಟೆಗೆ ತಿವಿದರಂತೆ. ತಿವಿಸಿಕೊಂಡ ಮ್ಯಾನೇಜರ್ ಹೊಟ್ಟೆ ಉಜ್ಜಿಕೊಳ್ಳುತ್ತಾ, ಇಯರ್‌ಫೋನುಗಳು ಮುಂದಿನ ವರ್ಷಕ್ಕೂ ಇಲ್ಲೇ ಇರಲಿ ಎಂದರಂತೆ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಅಷ್ಟರಲ್ಲಿ ಅತ್ತಿಗೆ ಮೆಟ್ಟಿಲಿಳಿದು ಬಂದರು. ಅವರ ಚಪ್ಪಲಿಯ ಸದ್ದು ನಮ್ಮ ಮುಂದೆ ಬಂದು ನಿಂತಿತು. ಮಾತಿಲ್ಲ. ನಾನು ಕಂಡ ಇಷ್ಟು ವರ್ಷಗಳಲ್ಲಿ ಅವರು ಮಾತಿಲ್ಲದೆ ನಿಂತದ್ದು ಅದೇ ಮೊದಲು. ಬೈಗುಳ ಕಾದಿದೆ ಎಂದುಕೊಂಡೆ. ದನಿ ಬಂದಾಗ ಅದು ಪೂರ್ತಿ ಒಡೆದುಹೋಗಿತ್ತು.

“ನಿಮಗೆ ಒಂದು ವಿಷಯ ಕಾಣಲಿಲ್ಲ, ಅದನ್ನ ಹೇಳ್ಬೇಕು,” ಎಂದರು. “ನಾನು ಬಾವುಟದಿಂದ ಕಣ್ಣು ತೆಗೆದು ಈ ಕಡೆ ನೋಡ್ದೆ. ಎದ್ದಿದ್ರು, ಎಲ್ರೂ. ಇಡೀ ಮೈದಾನ ಎದ್ದು ಕುಣೀತಿತ್ತು. ಮಧ್ಯೆ ಒಂದೇ ಒಂದು ಸಾಲು ಕೂತಿತ್ತು. ಒಬ್ರೂ ಏಳ್ಲಿಲ್ಲ. ಅಷ್ಟು ಜನ ಕೂಗ್ತಿರುವಾಗ ನೀವು ಹೇಗೆ ಕೂತ್ರಿ?”

ಅವರು ಅಳುತ್ತಿದ್ದರು, ಮರೆಮಾಚುವ ಪ್ರಯತ್ನವನ್ನೂ ಮಾಡಲಿಲ್ಲ. ಮೇಷ್ಟ್ರು ಇಯರ್‌ಫೋನ್ ತೆಗೆದು, ವೈರನ್ನು ಜೋಪಾನವಾಗಿ ಸುತ್ತಿ, ಅವರ ಕೈಗೆ ಕೊಟ್ಟರು.

“ಇದೇನಮ್ಮಾ ಹೀಗೆ ಕೇಳ್ತೀಯ?” ಎಂದರು. “ನೀನು ಇಲ್ಲ ಅಂದೆಯಲ್ಲ.”